ಎರಡು ತೊಗಲಿನ ಅಂಗಿ

ಫಿಲೊಮೀನ್ ಕೆಟ್ಟ ಹೆಂಗಸು. ಸತ್ತವರ ಬಗ್ಗೆ ಏನಾದರೊಂದು ಒಳ್ಳೆಯದನ್ನು ಹುಡುಕಿ ಹೇಳುವುದು ನಮ್ಮ ಕಣಿವೆಯವರ ಅಭ್ಯಾಸ. ಕುದುರೆ ಕದ್ದವನೊಬ್ಬ ಸತ್ತಾಗಲೂ "ಕದ್ದ ಕುದುರೆಗಳನ್ನ ಚೆನ್ನಾಗಿ ನೋಡ್ಕೊಂಡ" ಎಂದಿದ್ದರು. ಫಿಲೊಮೀನ್‌ಳ ಹೆಸರು ಬಂದರೆ ಅದೇ ಜನ ಕಾಫಿ ಲೋಟದೊಳಗೆ ನೋಡುತ್ತ ಕೂರುತ್ತಾರೆ. ಕೊನೆಗೆ ಯಾರೋ ಒಬ್ಬರು, "ಕೆಲಸ ಚೆನ್ನಾಗಿತ್ತು ಬಿಡಿ," ಎನ್ನುತ್ತಾರೆ.

ಕೆಲಸ ಚೆನ್ನಾಗಿದ್ದದ್ದು ನಿಜ. ಜಿಂಕೆಯ ಹಸಿ ತೊಗಲನ್ನು ಜಿಂಕೆಯದೇ ಮಿದುಳು ಹಚ್ಚಿ ಹದ ಮಾಡಿ, ಮಗುವಿನ ಕಿವಿಯ ಹಾಲೆಯ ಹಾಗೆ ಮೆತ್ತಗೆ ಮಾಡುವ ಕೈ ನಮ್ಮ ಮೂಲನಿವಾಸಿ ಜನರಲ್ಲಿ ಜಾಕೋ ಹೊಳೆಯ ಎರಡೂ ದಡದಲ್ಲಿ ಅವಳದೊಂದೇ ಉಳಿದಿತ್ತು. ಮೊಂಟಾನಾದ ಆಚೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಬಂದವರನ್ನು ಅವಳು ಒಳಗೆ ಕರೆಯುತ್ತಿರಲಿಲ್ಲ. ಅಂಗಳದಲ್ಲೇ ನಿಲ್ಲಿಸಿಕೊಂಡು, ತೊಗಲು ಕೊಟ್ಟು, ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅವಳ ಗಂಡ ಎನಿಯಾಸ್ ನನ್ನ ಸೋದರತ್ತೆಯ ಮಗ. ಮರದ ಮಿಲ್ಲಿನಲ್ಲಿ ದುಡಿದ, ಮಾತು ಕಡಿಮೆಯ ಮನುಷ್ಯ. ಮುದುಕನಾಗುವ ಮೊದಲೇ ಹೋದ. "ಎದೆನೋವು ಅಂತ ಡಾಕ್ಟರು ಬರೆದ್ರು. ಸುಳ್ಳು. ಅಣ್ಣಂಗೆ ಸ್ವಲ್ಪ ನಿಶ್ಶಬ್ದ ಬೇಕಾಗಿತ್ತು," ಎಂದು ಅವನ ತಮ್ಮ ಪ್ಲಾಸಿ ಶವದ ಪಕ್ಕದಲ್ಲೇ ಹೇಳಿದ. ಫಿಲೊಮೀನ್ ಅದನ್ನು ಕೇಳಿಸಿಕೊಂಡಳು. "ಹಾಗಾದ್ರೆ ನೀನೂ ಅವಸರ ಮಾಡು, ನಿನ್ನ ಹೆಂಡತಿಗೂ ಸ್ವಲ್ಪ ನಿಶ್ಶಬ್ದ ಸಿಗಲಿ," ಎಂದಳು.

ಇಂಥವು ಎಷ್ಟೋ. ಮದುವೆಗೆ ತೊಗಲಿನ ಉಡುಪು ಹೊಲಿಸಲು ಬಂದ ಹುಡುಗಿಗೆ, "ನಿನ್ನ ಸೊಂಟಕ್ಕೆ ಜಿಂಕೆ ಸಾಲಲ್ಲ, ಹೋಗಿ ಎಲ್ಕ್ ಕಡವೆ ಹೊಡೆಸ್ಕೊಂಡು ಬಾ," ಎಂದಳು. ಹುಡುಗಿ ಪೇಟೆಯ ಗೌನಿನಲ್ಲಿ ಮದುವೆಯಾದಳು. ನಾನು ಪಾಠ ಹೇಳುತ್ತಿದ್ದ ಕಾಲೇಜಿನಿಂದ ಹದ ಕಲಿಯಲು ಬಂದ ಹೆಂಗಸರನ್ನು ಅವಳು ಕೊಳೆತ ನೀರಿನ ಬಕೆಟ್ಟುಗಳ ಮುಂದೆ ಕೂರಿಸಿ, ತಾನು ಒಳಗೆ ಹೋಗಿ ಊಟ ಮಾಡಿದಳು. ಅವರು ಮರುದಿನ ಬರಲಿಲ್ಲ. "ಮೂಗಿನಲ್ಲೇ ಫೇಲಾದ್ರು ನಿನ್ನ ವಿದ್ಯಾರ್ಥಿಗಳು, ಮೇಷ್ಟ್ರಮ್ಮ," ಎಂದು ನನಗೆ ಹೇಳಿಕಳಿಸಿದಳು. ತೊಗಲಿಗೆ ಕೊಡುವ ಹೊಗೆಗೆ ಬೇಕಾದ ಕೊಳೆತ ಮರ ಎಲ್ಲಿ ಸಿಗುತ್ತದೆಂದು ಸ್ವಂತ ಗಂಡನಿಗೂ ಹೇಳದೆ, ಅವನನ್ನು ರಸ್ತೆಯಲ್ಲೇ ನಿಲ್ಲಿಸಿ ತಾನೊಬ್ಬಳೇ ಕಾಡಿಗೆ ಹೋಗುತ್ತಿದ್ದಳಂತೆ.

ಇವನ್ನೆಲ್ಲ ಜನ ಹೊಟ್ಟೆಗೆ ಹಾಕಿಕೊಂಡಿದ್ದರು. ಹಾಕಿಕೊಳ್ಳಲಾಗದ್ದು ಒಂದಿತ್ತು. ಅದು ಅವಳ ತಾಯಿಯ ಸಾವಿನ ಸಂಗತಿ.

ನಮ್ಮ ಕಣಿವೆಯ ಹಳೆಯ ಮನೆಗಳಲ್ಲಿ ಸತ್ತವರನ್ನು ಬಿಳಿ ತೊಗಲಿನ ಅಂಗಿಯಲ್ಲಿ ಮಣ್ಣು ಮಾಡುತ್ತಿದ್ದರು. ಮಿದುಳು ಹಚ್ಚಿ ಹದ ಮಾಡಿದ ತೊಗಲು ಹಾಲಿನ ಹಾಗೆ ಬೆಳ್ಳಗೆ ಬರುತ್ತದೆ. ಆಮೇಲೆ ಹೊಗೆ ಕೊಟ್ಟರೆ ಕಂದು ಬಣ್ಣ. ಹೊಗೆ ಕುಡಿದ ತೊಗಲು ಬದುಕಿರುವವರದು: ಮಳೆಯಲ್ಲಿ ನೆನೆಯಲಿ, ಹಿಮದಲ್ಲಿ ಬೀಳಲಿ, ಒಣಗಿದ ಮೇಲೆ ಮತ್ತೆ ಮೆತ್ತಗಾಗುತ್ತದೆ. ಬಿಳಿಯದು ಒಮ್ಮೆ ನೆನೆದರೆ ಹಲಗೆ. ಮಣ್ಣಿಗೆ ಹೋಗುವವರು ಮಳೆಯಲ್ಲಿ ನಡೆಯಬೇಕಾಗಿಲ್ಲ, ಆದ್ದರಿಂದ ಬಿಳಿ ಅವರದು. ಈ ಭೇದವನ್ನು ನಮ್ಮಲ್ಲಿ ಯಾರೂ ದಾಟುತ್ತಿರಲಿಲ್ಲ.

ತಾಯಿ ಸೆಸಿಲ್ ಹಾಸಿಗೆ ಹಿಡಿದಾಗ ಫಿಲೊಮೀನ್ ಎರಡು ತೊಗಲು ಹದಕ್ಕೆ ಹಾಕಿದಳು, ಎದುರಿಗೊಂದು, ಬೆನ್ನಿಗೊಂದು. ಸೆಸಿಲ್ ಇದ್ದದ್ದು ಕಿರಿಯ ಮಗಳು ಅಡೆಲ್‌ಳ ಮನೆಯಲ್ಲಿ. ಅಡೆಲ್ ಮಿಷನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಇಸ್ತ್ರಿ ಮಾಡಿದ ಏಪ್ರನ್, ಹೊಳೆಯುವ ಪಾತ್ರೆ, ಕಿಟಕಿಗೆ ಪರದೆ. ಅಕ್ಕ ಬಂದು ಕುಳಿತುಹೋದ ಕುರ್ಚಿಯನ್ನು ಸೋಪು ನೀರಿನಲ್ಲಿ ಒರೆಸುತ್ತಿದ್ದಳು. ತಾಯಿ ಸತ್ತಾಗ ಪೇಟೆಯಿಂದ ಪೆಟ್ಟಿಗೆ ತರಿಸಿ, ನೀಲಿ ಗೌನು ತೊಡಿಸಿ, ಪಾದ್ರಿಗೆ ಬೇರೆ ಕಡೆ ಹೋಗಬೇಕಿದೆ ಎಂಬ ನೆಪದಲ್ಲಿ ಬೇಗನೆ ಮುಚ್ಚಿಸಿಬಿಟ್ಟಳು. ಫಿಲೊಮೀನ್ ಹೊಲಿದ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಬಂದಾಗ ಮೊಳೆ ಹೊಡೆದಾಗಿತ್ತು.

"ಮೊಳೆ ಕೀಳು," ಎಂದಳು ಪ್ಲಾಸಿಗೆ.

ಪ್ಲಾಸಿ ಅಲುಗಲಿಲ್ಲ. ಯಾರೂ ಅಲುಗಲಿಲ್ಲ. ಅಡೆಲ್ ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟೇ ಮೆಲ್ಲಗೆ, "ಅಮ್ಮ ನೀಟಾಗಿ ಕಾಣ್ತಿದಾಳೆ ಕಣೇ. ಆ ವಾಸನೇನ ಅವಳ ಜೊತೆ ಮಣ್ಣಿಗೂ ಕಳಿಸಬೇಕಾ?" ಎಂದಳು.

ಫಿಲೊಮೀನ್ ಅಂಗಿ ಮಡಿಸಿಕೊಂಡು ಹೋದಳು. ಇಲ್ಲಿಯವರೆಗೆ ಜನ ಅವಳ ಕಡೆಯೇ ಇದ್ದರು. ಆದರೆ ಆ ಬೇಸಗೆಯಲ್ಲೇ ಅವಳು ತಾಯಿಯ ಅಂಗಿಯನ್ನು ಕತ್ತರಿಸಿ, ಹೊಗೆ ಹಾಕಿ, ಕೈಗವಸು ಹೊಲಿದು, ಕುದುರೆಸವಾರಿಯ ರೋಡಿಯೋ ಪಂದ್ಯಕ್ಕೆ ಬಂದ ಬಿಳಿಯ ದನಗಾಹಿಗಳಿಗೆ ಮಾರಿದಳು. "ಸುಮ್ನೆ ಹಾಳಾಗ್ತಿತ್ತು," ಎಂದಳು ಕೇಳಿದವರಿಗೆ. ಹೆತ್ತವಳ ಅಂಗಿಯಿಂದ ಕೌಬಾಯ್‌ಗಳ ಕೈ ಬೆಚ್ಚಗೆ ಮಾಡಿದವಳು ಎಂಬ ಮಾತು ಅವಳಿಗೆ ಅಂಟಿದ್ದು ಹಾಗೆ. ಅಕ್ಕತಂಗಿಯರು ಅಂದಿನಿಂದ ಮಾತು ಬಿಟ್ಟರು. ಒಂದೇ ಚರ್ಚು, ಒಂದೇ ಅಂಗಡಿ, ಒಂದೇ ರಸ್ತೆ. ಮಕ್ಕಳು ಬೆಳೆದು ಮೊಮ್ಮಕ್ಕಳಾದರೂ ಆ ಮೌನ ಹಾಗೇ ಉಳಿಯಿತು.

ಅಡೆಲ್‌ಗೆ ಕ್ಯಾನ್ಸರ್ ಬಂತು. ಸ್ಪೋಕೇನಿನ ಆಸ್ಪತ್ರೆಯಲ್ಲಿ ಎದೆಯ ಶಸ್ತ್ರಚಿಕಿತ್ಸೆ ಮಾಡಿ, ಹೊಲಿದು, ಮನೆಗೆ ಕಳಿಸಿದರು. ಇನ್ನೇನೂ ಉಳಿದಿಲ್ಲವೆಂದು ಅವಳಿಗೂ ಗೊತ್ತಿತ್ತು. ನನ್ನನ್ನು ಕರೆಸಿಕೊಂಡಳು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕೊಟ್ಟಿದ್ದ ಸಾರನ್ನು ಮುಟ್ಟದೆ, ವಿಷಯಕ್ಕೆ ಬಂದಳು.

"ನಂಗೆ ಬಿಳಿ ಅಂಗಿ ಬೇಕು. ಅವಳ ಕೈದು."

"ನೀನಾ? ವಾಸನೆ ಅಂತಿದ್ದವಳು."

"ಪೆಟ್ಟಿಗೆ ಒಳಗೆ ಮೂಗು ಎಲ್ಲಿರುತ್ತೆ." ಸಾರಿನ ಬಟ್ಟಲನ್ನು ದೂರ ಸರಿಸಿದಳು. "ಅಮ್ಮನ ಪೆಟ್ಟಿಗೆ ಮುಚ್ಚಿಸಿದ್ದು ನಾನು. ಪಾದ್ರಿಗೆ ಏನೂ ಅವಸರ ಇರ್ಲಿಲ್ಲ. ಅವಳು ಬರ್ತಾಳೆ ಅಂತ ಗೊತ್ತಿತ್ತು, ಅದಕ್ಕೇ ಮುಚ್ಚಿಸಿದೆ. ಅವಳಿಗೂ ಗೊತ್ತು. ಈಗ ಅವಳು ಬಿಳೀದು ಕೊಟ್ರೆ, ಅಲ್ಲಿಗೆ ಮುಗೀತು ಅಂತ. ಕೊಡದಿದ್ರೂ ಮುಗೀತು, ಆದ್ರೆ ನಾನು ಆ ತಪ್ಪನ್ನ ಹೊತ್ಕೊಂಡೇ ಹೋಗಬೇಕು."

"ನೀನೇ ಹೋಗಿ ಕೇಳು."

"ಆಗಲ್ಲ," ಎಂದಳು. "ಅವಳು ಇಲ್ಲ ಅಂದ್ರೆ ನಾನು ಅಲ್ಲಿಂದ ನಡ್ಕೊಂಡು ವಾಪಸ್ ಬರಬೇಕಲ್ಲ."

ಅಡೆಲ್‌ಳ ಮಗಳು ರೋಸಲಿ ಮತ್ತು ನಾನು ಹೋದೆವು. ಫಿಲೊಮೀನ್ ಕೊಟ್ಟಿಗೆಯಲ್ಲಿ ಓರೆಯಾಗಿ ನಿಲ್ಲಿಸಿದ್ದ ದಿಮ್ಮಿಯ ಮೇಲೆ ಯಾರೋ ಹದಕ್ಕೆ ಕೊಟ್ಟ ತೊಗಲು ಹಾಸಿ, ಹೊಟ್ಟೆಯನ್ನು ಅದಕ್ಕೆ ಆನಿಸಿ, ಎರಡೂ ಕೈಯಲ್ಲಿ ಹೆರೆಗತ್ತಿ ಹಿಡಿದು ಕೂದಲು ಹೆರೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ದೊಡ್ಡಮ್ಮ, ಅಮ್ಮ ಹೇಳಿ ಕಳಿಸಿದಾಳೆ," ಎಂದಳು ರೋಸಲಿ.

"ಅವಳಿಗೆ ಬಾಯಿಲ್ವಾ?"

"ಹುಷಾರಿಲ್ಲ ಅಂತ ನಿಂಗೆ ಗೊತ್ತು."

"ಬಾಯಿಗೂ ಹುಷಾರಿಲ್ವಾ?"

ರೋಸಲಿ ಹಲ್ಲು ಕಚ್ಚಿ ಹೇಳಬೇಕಾದ್ದನ್ನು ಹೇಳಿದಳು. ಹೆರೆಗತ್ತಿ ನಿಲ್ಲಲಿಲ್ಲ. ಒದ್ದೆ ಕೂದಲು ಉಂಡೆಯುಂಡೆಯಾಗಿ ಅವಳ ಬೂಟಿನ ಮೇಲೆ ಬೀಳುತ್ತಿತ್ತು.

"ಪೇಟೇಲಿ ಸಿಗುತ್ತಲ್ಲ, ನೀಟಾಗಿರೋದು. ನೀಲೀದು," ಎಂದಳು ಫಿಲೊಮೀನ್.

"ಮಾಡ್ತೀಯೋ ಇಲ್ವೋ ಹೇಳು. ಕಡ್ಡಿ ಮುರಿದ ಹಾಗೆ ಹೇಳಿಬಿಡು, ನಾನು ಹೋಗಿ ಅವಳಿಗೆ ಹೇಳ್ತೀನಿ."

ಫಿಲೊಮೀನ್ ಕತ್ತಿಯ ಅಲಗನ್ನು ಹೆಬ್ಬೆರಳಿನಿಂದ ಒರೆಸಿಕೊಂಡಳು. "ಎರಡು ತೊಗಲು ತಗೊಂಬಾ. ತೂತಿರಬಾರದು. ತಲೆ ಸಮೇತ ತರಬೇಕು. ತಲೆ ಕಾಡಲ್ಲೇ ಬಿಟ್ಟು ಬಂದ್ರೆ ಮಿದುಳಿಗೆ ನಿನ್ನ ಗಂಡನ ತಲೆ ಒಡೀಬೇಕಾಗುತ್ತೆ, ಅದು ಒಂದು ತೊಗಲಿಗೂ ಸಾಲಲ್ಲ."

ಒಪ್ಪಿದ್ದು ಹೀಗೆ. ರೋಸಲಿ ಕಾರಿನಲ್ಲಿ ಅತ್ತಳು, ಸಿಟ್ಟಿಗೆ. ನನಗೆ ಮಾತ್ರ ಅವಳು ಒಪ್ಪಿದ್ದೇ ಅನುಮಾನ ತಂದಿತು. ಬೇಡ ಎನ್ನುವುದು ಅವಳಿಗೆ ಉಸಿರಾಡಿದಷ್ಟು ಸುಲಭ. ಒಪ್ಪಿದ್ದಾಳೆಂದರೆ ಬೇರೇನೋ ಲೆಕ್ಕ ಇರಬೇಕು.

ರೋಸಲಿಯ ಗಂಡ ವರ್ನನ್ ಒಳ್ಳೆಯ ಬೇಟೆಗಾರ. ಎರಡು ಜಿಂಕೆ ಹೊಡೆದು, ತಲೆಗಳನ್ನು ಗೋಣಿಚೀಲದಲ್ಲಿ ಹಾಕಿ, ತೊಗಲುಗಳನ್ನು ಹೆಮ್ಮೆಯಿಂದ ತಂದು ಕೊಟ್ಟ. ಫಿಲೊಮೀನ್ ಒಂದೊಂದನ್ನೂ ಬೆಳಕಿಗೆ ಎತ್ತಿ ಹಿಡಿದಳು. ಒಳಮೈ ತುಂಬ ಚಾಕುವಿನ ಗೀರು. ತೂತಾಗಿರಲಿಲ್ಲ, ಆದರೆ ಹದ ಮಾಡುವಾಗ ಎಳೆದರೆ ಗೀರಿದಲ್ಲೇ ಹರಿಯುತ್ತದೆ.

"ಜಿಂಕೆ ಸುಲಿದಿದೀಯೋ, ರೊಟ್ಟಿ ಕೊಯ್ದಿದೀಯೋ?"

"ಎಲ್ಲರೂ ಹೀಗೇ ಸುಲಿಯೋದು."

"ಎಲ್ಲರೂ ಮಾಂಸಕ್ಕೆ ಸುಲೀತಾರೆ. ಚಾಕು ಕಾಲಿನ ಹತ್ರ ಮಾತ್ರ. ಆಮೇಲೆ ಮುಷ್ಟಿ. ಮುಷ್ಟಿ ಇದೆ ತಾನೆ ನಿಂಗೆ? ರೋಸಲಿ, ಇದೆಯೇನೆ?"

ಎರಡನ್ನೂ ಅವನ ಟ್ರಕ್ಕಿಗೆ ಎಸೆದಳು. ಸುದ್ದಿ ಸಂಜೆಯೊಳಗೆ ಕಣಿವೆ ತುಂಬ. ಬೇಕೆಂದೇ ತಳ್ಳುತ್ತಿದ್ದಾಳೆ, ತಂಗಿ ಸಾಯುವವರೆಗೂ ಒಂದಲ್ಲ ಒಂದು ಕೊಂಕು ತೆಗೆಯುತ್ತಾಳೆ ಎಂದರು. ಕೊನೆಗೆ ಪ್ಲಾಸಿಯೇ, ಆ ವಯಸ್ಸಿನಲ್ಲಿ, ಬೇಟೆಯ ಕಾಲ ಮುಗಿಯುವ ಹೊತ್ತಿಗೆ ಎರಡು ದೊಡ್ಡ ಹೆಣ್ಣು ಜಿಂಕೆ ಹೊಡೆದು, ಹಳೆಯ ಕ್ರಮದಲ್ಲಿ ಮುಷ್ಟಿಯಿಂದ ಸುಲಿದು ತಂದ. ಅವಳು ಅವನ್ನೂ ಬೆಳಕಿಗೆ ಹಿಡಿದಳು. ಮಡಿಸಿ ದಿಮ್ಮಿಯ ಪಕ್ಕ ಇಟ್ಟಳು.

"ಥ್ಯಾಂಕ್ಸ್ ಅಂತಾನಾದ್ರೂ ಹೇಳು, ಮುದುಕಿ," ಎಂದ ಪ್ಲಾಸಿ.

"ನೀನು ಇನ್ನೂ ಬದುಕಿದೀಯ ಅಂತ ಮರೆತಿದ್ದೆ," ಎಂದಳು.

ತೊಗಲು ಹೊಳೆಯಲ್ಲಿ ನೆನೆಯಿತು. ದಿಮ್ಮಿಗೇರಿತು. ಕೂದಲು, ಕೂದಲಿನ ಬುಡದ ಪದರ, ಒಳಮೈಯ ಪೊರೆ, ಎಲ್ಲ ಹೋಗಿ ಬರೀ ನಡುವಿನದು ಉಳಿಯಿತು. ಅವಳು ತಲೆ ಒಡೆದು ಮಿದುಳು ತೆಗೆದು, ಬೆಚ್ಚಗಿನ ನೀರಿನಲ್ಲಿ ಕೈಯಿಂದಲೇ ಕಿವುಚಿ ಗಂಜಿ ಮಾಡಿ, ತೊಗಲನ್ನು ಅದರಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿದಳು. ಈ ಹಂತದವರೆಗೆ ನಿಧಾನ ಮಾಡಬಹುದು. ಹಿಂಡಿದ ಮೇಲೆ ನಿಧಾನವಿಲ್ಲ. ತೊಗಲು ಪೂರ್ತಿ ಒಣಗುವವರೆಗೂ ಎಳೆಯುತ್ತಲೇ, ಉಜ್ಜುತ್ತಲೇ ಇರಬೇಕು. ನಡುವೆ ಕೈಬಿಟ್ಟರೆ ಬಿಟ್ಟ ಜಾಗ ಗಟ್ಟಿಯಾಗುತ್ತದೆ. ಇಬ್ಬರು ಎಳೆದರೆ ಒಳ್ಳೆಯದು. ರೋಸಲಿ ತಾನಾಗಿ ಹೋಗಿ ನಿಂತಳು, ತಾಯಿಗೋಸ್ಕರ.

ಅಷ್ಟರಲ್ಲಿ ಅಡೆಲ್ ತೀರ ಇಳಿದುಹೋಗಿದ್ದಳು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ: "ಎಲ್ಲಿಗೆ ಬಂತು?"

"ಮಿದುಳು ಹಚ್ಚಿದಾಳೆ."

"ಬೇಗ ಮಾಡು ಅನ್ನು. ನಂಗೇನೂ ಬೇರೆ ಕೆಲಸ ಇಲ್ಲ, ಆದ್ರೂ ಎಷ್ಟು ಅಂತ ಕಾಯೋದು."

ನಾನು ಅದನ್ನು ಅಲ್ಲಿ ಹೇಳಿದೆ. ಫಿಲೊಮೀನ್, "ಅವಳು ಯಾವತ್ತೂ ಹಾಗೇ. ಚಿಕ್ಕೋಳಿದ್ದಾಗ ಬ್ರೆಡ್ ಬೇಯೋ ಮೊದಲೇ ಓವನ್ ತೆಗೆದು ನೋಡೋಳು," ಎಂದಳು. ಮೂವತ್ತು ವರ್ಷದಲ್ಲಿ ತಂಗಿಯ ಬಗ್ಗೆ ಅವಳ ಬಾಯಿಂದ ಬಂದ ಬೈಗುಳವಲ್ಲದ ಮಾತು ನಾನು ಕೇಳಿದ್ದು ಅದೊಂದೇ. ಅದೂ ಬೈಗುಳವೇ ಇರಬಹುದು.

ಎಳೆಯುವ ದಿನ ಫಿಲೊಮೀನ್, ರೋಸಲಿ ಇಬ್ಬರೂ ಒಲೆಯ ಪಕ್ಕ ಎದುರುಬದುರು ಕುಳಿತು, ಪಾದಗಳನ್ನು ಒಂದಕ್ಕೊಂದು ಒತ್ತಿ, ತೊಗಲನ್ನು ಜಗ್ಗಿದರು. ರೋಸಲಿಯ ಅಂಗೈಯಲ್ಲಿ ಬೊಬ್ಬೆ ಬಂತು. ಮೊದಲನೆಯದು ಚೆನ್ನಾಗಿ ಬಂತು. ಎರಡನೆಯದು ಮುಗಿಯುವ ಹೊತ್ತಿಗೆ ಫಿಲೊಮೀನ್ ಕುತ್ತಿಗೆಯ ಭಾಗವನ್ನು ಕೆನ್ನೆಗೆ ಒತ್ತಿಕೊಂಡು, ಬೆರಳಿನಲ್ಲಿ ತಡವಿ, ಕಾಸಿನಗಲದ ಗಟ್ಟಿ ಜಾಗವೊಂದನ್ನು ತೋರಿಸಿದಳು. "ಕಾಫಿ ಕುಡಿಯೋಕೆ ಎದ್ದೆಯಲ್ಲ, ಆಗ ಆದದ್ದು."

"ಅಷ್ಟೇ ತಾನೆ? ಕಂಕುಳಲ್ಲಿ ಹಾಕಿ ಹೊಲಿದುಬಿಡು. ಯಾರು ನೋಡ್ತಾರೆ? ಮಣ್ಣಿನೊಳಗೆ ಯಾರು ನೋಡ್ತಾರೆ, ದೊಡ್ಡಮ್ಮ?"

ಫಿಲೊಮೀನ್ ಇಡೀ ತೊಗಲನ್ನು ಎತ್ತಿ ಮತ್ತೆ ಮಿದುಳಿನ ಬಕೆಟ್ಟಿಗೆ ತುರುಕಿದಳು.

ರೋಸಲಿ ನನ್ನ ಮನೆಗೆ ಬಂದು ಬೊಬ್ಬೆ ಒಡೆದ ಕೈಗಳನ್ನು ಮೇಜಿನ ಮೇಲೆ ಚಾಚಿದಳು. "ಅವಳು ಬೇಕೂಂತಲೇ ಮಾಡ್ತಿರೋದು. ಅಮ್ಮನಿಗೆ ಇನ್ನು ಎಷ್ಟು ದಿನ ಅಂತ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು." ನಾನು ಅವಳ ಮಾತನ್ನು ಅಲ್ಲಗಳೆಯಲಿಲ್ಲ. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಎರಡನೆಯ ಸಲಕ್ಕೆ ಫಿಲೊಮೀನ್ ಯಾರನ್ನೂ ಕರೆಯಲಿಲ್ಲ. ಗೋಡೆಗೆ ಕಟ್ಟಿದ ಹಗ್ಗಕ್ಕೆ ಉಜ್ಜುತ್ತ ಒಬ್ಬಳೇ ಎಳೆದು ಮುಗಿಸಿದಳು. ಪ್ಲಾಸಿ ನೋಡಿಬಂದ. "ಎರಡೂ ಒಣಗಿ ನೇತಾಡ್ತಿವೆ," ಎಂದ. "ಹೇಳಬಾರದು, ಆದ್ರೆ ಅಂಥದ್ದು ನಾನು ನೋಡಿಲ್ಲ. ಬೆಳ್ಳಗೆ ಅಂದ್ರೆ ಬೆಳ್ಳಗೆ." ರೋಸಲಿ ಅಡೆಲ್‌ಗೆ ಹೇಳಿದಳು. ಅಡೆಲ್ ಆ ದಿನ ಸಾರು ಕುಡಿದಳಂತೆ.

ಮರುದಿನ ರೋಸಲಿಯ ಟ್ರಕ್ಕಿನಲ್ಲಿ ನಾವಿಬ್ಬರೂ ತೊಗಲು ತರಲು ಹೋದೆವು. ಹೊಲಿಗೆ ರೋಸಲಿಯೇ ಮಾಡುವುದೆಂದು ಮಾತಾಗಿತ್ತು. ಹಿತ್ತಲಿಗೆ ತಿರುಗುವ ಮೊದಲೇ ಹೊಗೆಯ ವಾಸನೆ ಬಂತು. ನಮ್ಮಲ್ಲಿ ಹುಟ್ಟಿದವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ರೋಸಲಿ ಎಂಜಿನ್ ಕೂಡ ಆರಿಸದೆ ಇಳಿದು ಓಡಿದಳು.

ಎರಡು ತೊಗಲುಗಳನ್ನೂ ಅಂಚು ಸೇರಿಸಿ ಚೀಲದ ಹಾಗೆ ಹೊಲಿದು, ಬಾಯಿ ಕೆಳಗಾಗಿ ಕೊಂಬೆಗೆ ತೂಗುಹಾಕಲಾಗಿತ್ತು. ಕೆಳಗೆ ಕೆಂಡದ ಬಕೆಟ್ಟು, ಕೆಂಡದ ಮೇಲೆ ಕೊಳೆತ ಮರದ ತಿರುಳು. ಹೊಗೆ ಚೀಲ ತುಂಬಿ ಹೊಲಿಗೆಯ ಸಂದಿಯಲ್ಲಿ ತೆಳ್ಳಗೆ ಹೊರಬರುತ್ತಿತ್ತು. ಬಿಳಿಯೆಂಬುದು ಎಲ್ಲೂ ಉಳಿದಿರಲಿಲ್ಲ. ಫಿಲೊಮೀನ್ ಕುಕ್ಕರುಗಾಲಿನಲ್ಲಿ ಕುಳಿತು, ಉರಿ ಏಳದ ಹಾಗೆ ಕೆಂಡ ನೋಡಿಕೊಳ್ಳುತ್ತಿದ್ದಳು.

"ಏನ್ ಮಾಡ್ತಿದೀಯಾ!" ರೋಸಲಿ ಕೂಗಿದಳು. "ಬಿಳೀದು ಕೇಳಿದ್ದು! ಅವಳು ಕೇಳಿದ್ದು ಬಿಳೀದು!"

"ಕೂಗಬೇಡ. ಗಾಳಿ ಆಡಿದ್ರೆ ಉರಿ ಹತ್ತುತ್ತೆ."

"ಅವಳಿಗೆ ಗೊತ್ತಾಗುತ್ತೆ. ಇದನ್ನ ನೋಡಿದ ತಕ್ಷಣ ಅವಳಿಗೆ ಅರ್ಥ ಆಗುತ್ತೆ. ಅದಕ್ಕೇ ಮಾಡಿದ್ದು ನೀನು!"

"ಬಿಳೀದು ಸತ್ತವರಿಗೆ," ಎಂದಳು ಫಿಲೊಮೀನ್, ಕೆಂಡದಿಂದ ಕಣ್ಣು ತೆಗೆಯದೆ. "ಅವಳ ಉಸಿರು ನಿಂತಿದೆಯಾ?"

"ನಿಲ್ಲುತ್ತೆ! ಈ ತಿಂಗಳೋ ಮುಂದಿನ ತಿಂಗಳೋ ನಿಲ್ಲುತ್ತೆ! ಆಗ ಏನ್ ಹಾಕಿ ಕಳಿಸಲಿ ಅವಳನ್ನ?"

"ಆಗ ಪೇಟೆ ಇದೆಯಲ್ಲ."

ರೋಸಲಿ ಅವಳ ಮುಂದೆ ನೆಲಕ್ಕೆ ಉಗುಳಿದಳು. ನಮ್ಮಲ್ಲಿ ಹಿರಿಯರ ಮುಂದೆ ಯಾರೂ ಮಾಡದ ಕೆಲಸ. ನನ್ನನ್ನೂ ಮರೆತು, ಟ್ರಕ್ಕನ್ನು ಹಿಂದಕ್ಕೆ ಬಿಟ್ಟು ಬೇಲಿಯ ಕಂಬಕ್ಕೆ ತಾಗಿಸಿ, ಹೊರಟುಹೋದಳು.

ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಫಿಲೊಮೀನ್ ತಾನೇ ಹೊಲಿದುಬಿಟ್ಟ ಅಂಗಿಯನ್ನು ಪ್ಲಾಸಿ ಒಯ್ದು ಕೊಟ್ಟ. ಅಡೆಲ್ ಆ ಕಂದು ಬಣ್ಣವನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಸರಿ. ಹೊತ್ಕೊಂಡೇ ಹೋಗು ಅಂತಿದಾಳೆ," ಎಂದಳು. ಚಳಿ ಜೋರಾದ ಮೇಲೆ ಅದನ್ನೇ ಹಾಕಿಕೊಂಡಳು, ಬೇರೆ ಯಾವುದೂ ಅವಳ ಮೈಗೆ ಆಗುತ್ತಿರಲಿಲ್ಲ. ಅಕ್ಕನ ಹೆಸರೆತ್ತಲಿಲ್ಲ. ಅಂಗಿಯನ್ನು ಮೈಮೇಲಿಂದ ತೆಗೆಯಲೂ ಬಿಡಲಿಲ್ಲ. ಇಡೀ ಮನೆ ಹೊಗೆ ವಾಸನೆ ಎಂದು ರೋಸಲಿ ಗೊಣಗಿದರೆ, "ಕಿಟಕಿ ತೆಗಿ," ಎಂದಳಂತೆ. ಬೆಟ್ಟದ ಹಿಮ ಕರಗಿ ಹೊಳೆ ಏರುವ ಕಾಲಕ್ಕೆ ಸತ್ತಳು. ಹೊಗೆಯ ತೊಗಲು ಮಣ್ಣಿಗೆ ಇಳಿಯಬಾರದೆಂದು ಹಿರಿಯ ಹೆಂಗಸರು ಹಟ ಹಿಡಿದರು, ರೋಸಲಿಗೂ ಅದು ಬೇಡವಾಗಿತ್ತು. ಅಡೆಲ್ ಚರ್ಚಿಗೆ ಹಾಕುತ್ತಿದ್ದ ಬಿಳಿ ಕಾಲರಿನ ಉಡುಪಿನಲ್ಲಿ ಹೋದಳು.

ಫಿಲೊಮೀನ್ ಮಣ್ಣಿಗೆ ಬಂದಳು. ದೂರ ನಿಂತಳು. ಆಮೇಲೆ ಸಮುದಾಯ ಭವನದ ಊಟಕ್ಕೂ ಬಂದು, ಒಬ್ಬಳೇ ಒಂದು ಮೇಜಿನಲ್ಲಿ ಕುಳಿತು, ಒಣಮಾಂಸದ ಸಾರು, ಕರಿದ ರೊಟ್ಟಿ, ಕಹಿಬೇರಿನ ಪಾಯಸ ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡು ತಿಂದಳು. ಜನ ನೋಡಿದರು. ಕೌಬಾಯ್ ಕೈಗವಸಿನ ಜೊತೆಗೆ ಆ ಊಟವೂ ಈಗ ಅವಳ ಹೆಸರಿಗೆ ಅಂಟಿಕೊಂಡಿದೆ. ಅವಳು ಸತ್ತಾಗ ಅವಳಿಗೆ ಬಿಳಿ ಅಂಗಿ ಮಾಡುವ ಕೈ ಕಣಿವೆಯಲ್ಲಿ ಉಳಿದಿರಲಿಲ್ಲ, ಉಳಿದಿದ್ದರೂ ಮಾಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಆದರೆ ಹೊಗೆ ಹಾಕಿದ ದಿನ, ರೋಸಲಿ ಬಿಟ್ಟುಹೋದ ಮೇಲೆ, ನಾನು ಅಲ್ಲಿಯೇ ಉಳಿದಿದ್ದೆ. ಹಿಮದಲ್ಲಿ ನಡೆದು ಹೋಗುವಷ್ಟು ಹತ್ತಿರವಲ್ಲ ನನ್ನ ಮನೆ. ಪ್ಲಾಸಿ ದಿನಾ ಆ ಹೊತ್ತಿಗೆ ಸೌದೆ ತರುತ್ತಾನೆಂದು ಗೊತ್ತಿತ್ತು. ಕೊಟ್ಟಿಗೆಯ ಒಲೆಯ ಬಳಿ ಕುಳಿತೆ. ಬಯ್ಯಬೇಕೆಂದಿದ್ದೆ, ಬಯ್ದೆ ಕೂಡ.

"ಇದಕ್ಕಿಂತ ಮೊದಲೇ ಇಲ್ಲ ಅಂದಿದ್ರೆ ಮರ್ಯಾದೆಯಾಗಿರ್ತಿತ್ತು," ಎಂದೆ.

"ಹೂಂ, ಮೇಷ್ಟ್ರಮ್ಮ," ಎಂದಳು.

ಅವಳು ಚೀಲ ಇಳಿಸಿ, ಅದರ ಹೊಲಿಗೆ ಬಿಚ್ಚಿ, ಇನ್ನೂ ಬೆಚ್ಚಗಿದ್ದ ಎರಡು ತೊಗಲುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದಳು. ಅಂಗಿ ಹೊಲಿಯಲು ಕುಳಿತಳು. ಭುಜಗಳನ್ನು ಸೇರಿಸಿದಳು. ಬಲ ಪಕ್ಕೆಯನ್ನು ಕಂಕುಳಿಂದ ಕೆಳಗಿನವರೆಗೆ ಹೊಲಿದಳು. ಎಡ ಪಕ್ಕೆಗೆ ಬಂದಾಗ ಸೂಜಿ ಇಟ್ಟು ದಬ್ಬಳ ತೆಗೆದುಕೊಂಡು, ಎರಡೂ ಅಂಚಿನಲ್ಲಿ ಸಾಲಾಗಿ ತೂತು ಮಾಡತೊಡಗಿದಳು. ಭುಜದ ತುದಿಯಿಂದ ಕೆಳಗಿನವರೆಗೂ. ಪ್ರತಿ ಜೋಡಿ ತೂತಿಗೂ ತೊಗಲಿನ ಒಂದು ಲಾಡಿ.

"ಆ ಕಡೆ ಹೊಲಿಯಲ್ವಾ?"

"ಆ ಕೈ ಮೇಲೆ ಎತ್ತಲ್ಲ ಅವಳು."

ನಿಜ. ಶಸ್ತ್ರಚಿಕಿತ್ಸೆಯ ನಂತರ ಅಡೆಲ್‌ಳ ಎಡಗೈ ಊದಿಕೊಂಡು ಪಕ್ಕೆಗೆ ಅಂಟಿದಂತೆ ಇರುತ್ತಿತ್ತು. ಅದನ್ನು ಅವಳು ಶಾಲಿನೊಳಗೆ ಮುಚ್ಚಿಡುತ್ತಿದ್ದಳು, ಯಾರ ಹತ್ತಿರವೂ ಹೇಳುತ್ತಿರಲಿಲ್ಲ. ನಾನೂ ಫಿಲೊಮೀನ್‌ಗೆ ಹೇಳಿರಲಿಲ್ಲ, ರೋಸಲಿಯೂ ಹೇಳಿರಲಿಲ್ಲ.

"ನಿಂಗೆ ಯಾರು ಹೇಳಿದ್ರು?"

"ಚರ್ಚಲ್ಲಿ ಕೋಟು ಹಾಕ್ಕೊಳ್ಳೋದು ನೋಡಿದೀನಿ," ಎಂದಳು. "ಅಷ್ಟು ಹೊತ್ತು ಹಿಡಿಯುತ್ತೆ. ಪಕ್ಕದಲ್ಲಿರೋರು ಒಬ್ಬರಾದ್ರೂ ಹಿಡೀಬಾರದಾ?"

ಕೊನೆಯ ಲಾಡಿ ಪೋಣಿಸಿ ಎದ್ದು ನಿಂತಳು. ತನ್ನ ಎಡಗೈಯನ್ನು ಮಡಿಸಿ ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡಳು, ಕಟ್ಟಿಹಾಕಿದ ಹಾಗೆ. ಬಲಗೈಯೊಂದರಿಂದಲೇ ಅಂಗಿಯನ್ನು ಎತ್ತಿ ತಲೆಯ ಮೇಲಿಂದ ಇಳಿಸಿಕೊಳ್ಳಲು ಹೋದಳು. ಭುಜದ ಹತ್ತಿರ ಸಿಕ್ಕಿಕೊಂಡಿತು. ಹೊರತೆಗೆದು, ಮೇಜಿನ ಮೇಲೆ ಹಾಸಿ, ಅಲ್ಲಿ ಎರಡು ಲಾಡಿ ಬಿಚ್ಚಿ ಉದ್ದ ಮಾಡಿದಳು. ಆಮೇಲೆ ಆ ಕೈಯನ್ನು ಮತ್ತೆ ಪಕ್ಕೆಗೆ ಒತ್ತಿಕೊಂಡು ಇನ್ನೊಮ್ಮೆ ಹಾಕಿ ನೋಡಿದಳು.